ಹಚ್ಚೊಳ್ಳಿಗೆ ಹೋಗಬೇಕಿದ್ದ ಅತಿಥಿ

ಈ ಸಂಗತಿಯನ್ನು ಹೇಳಿಬಿಡಬೇಕೆಂದು ನಾನು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂದಿದೆ. ಒಮ್ಮೆ ಕರೆಂಟು ಹೋಯಿತು, ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಎರಡೂ ಸರಿಯಿದ್ದವು, ಹೊಟ್ಟೆ ಹಸಿಯಿತು. ಮುಂದೂಡುವ ಮನಸ್ಸೊಂದಿದ್ದರೆ ಬಳ್ಳಾರಿಯಲ್ಲಿ ನೆಪಕ್ಕೆ ಬರವಿಲ್ಲ. ‘ಬಿಸಿಲು’ ಅಂದರೆ ಮುಗಿಯಿತು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೆ ಬರುವ ವಾರ ನಾಲ್ಕೈದು ದೇಶಗಳ ಹುಡುಗ ಹುಡುಗಿಯರು ರೈಲಿನಿಂದ ಇಳಿಯುವವರಿದ್ದಾರೆ. ನನಗೆ ಸಂಭ್ರಮಕ್ಕೆ ನಿದ್ದೆಯಿಲ್ಲ. ಗೇಟಿಗೆ ಹೊಸ ಬಣ್ಣ ಹೊಡೆಸಿದ್ದೇನೆ, ಹಾಸಿಗೆಯ ಹೊದಿಕೆಗಳನ್ನು ಎರಡು ಸಲ ಒಗೆಸಿದ್ದೇನೆ, ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಎದ್ದವನೇ ‘ಎಲ್ಲರೂ ತಯಾರ?’ ಎಂದು ಕೇಳಿ ಎಲ್ಲರ ಬೈಗುಳ ತಿಂದಿದ್ದೇನೆ. ಇಷ್ಟು ಕುಣಿಯುವ ಮನುಷ್ಯ ಒಳಗೊಂದನ್ನು ಬಚ್ಚಿಟ್ಟುಕೊಂಡು ಕುಣಿಯಬಾರದು ಅನ್ನಿಸಿ ಈ ಸಲ ಬರೆಯಲು ಕೂತಿದ್ದೇನೆ. ಕರೆಂಟು ಇದೆ. ಕನ್ನಡಕ ಮೂಗಿನ ಮೇಲಿದೆ. ಊಟವೂ ಆಗಿದೆ.

ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ತಾಡಪಾಲು ಮಾರುವವನು. ರೈತರು ಭತ್ತ, ಮೆಣಸಿನಕಾಯಿ ಮುಚ್ಚಲು ಒಯ್ಯುತ್ತಾರಲ್ಲ, ಆ ನೀಲಿ ತಾಡಪಾಲು. ಓದಿದ್ದು ಹೈಸ್ಕೂಲಿನವರೆಗೆ. ಹೊರದೇಶ ಅಂದರೆ ನನಗೆ ಗೋಡೆಯ ಮೇಲಿನ ನಕಾಶೆಯಲ್ಲಿ ಬಣ್ಣಬಣ್ಣದ ತೇಪೆಗಳಷ್ಟೆ. ಇಂಥವನು ಅಂತರರಾಷ್ಟ್ರೀಯ ಯುವ ವಿನಿಮಯದ ಅಧ್ಯಕ್ಷನಾದದ್ದಕ್ಕೆ ಕಾರಣ ನಮ್ಮ ಮನೆಯ ಮಹಡಿಯಲ್ಲಿ ಖಾಲಿ ಇದ್ದ ಒಂದು ಕೋಣೆ. ಹೊರದೇಶದ ಹುಡುಗರು ಇಲ್ಲಿಗೆ ಬಂದು ಒಂದು ಮನೆಯಲ್ಲಿ ಮನೆಮಕ್ಕಳಂತೆ ಇರಬೇಕು, ಮನೆಯವರು ಉಂಡದ್ದನ್ನು ಉಣ್ಣಬೇಕು, ಅವರ ಕೆಲಸದಲ್ಲಿ ಕೈಹಾಕಬೇಕು. ಬದಲಿಗೆ ನಮ್ಮ ಹುಡುಗರು ಅವರ ಊರಿಗೆ ಹೋಗಿ ಹಾಗೇ ಇರಬೇಕು. ಯಾರಿಗೂ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು. ಒಂದೇ ಊರಿನವರ ಕೈಯಲ್ಲಿ ಇದು ಆಗುವ ಕೆಲಸವಲ್ಲವಾದ್ದರಿಂದ ಮೂರು ಊರು ಸೇರಿದೆವು. ಬಳ್ಳಾರಿಯಲ್ಲಿ ರೈಲಿದೆ ಮತ್ತು ನಾನಿದ್ದೇನೆ. ಕುರುಗೋಡಿನಲ್ಲಿ ಬೆಟ್ಟವಿದೆ ಮತ್ತು ಫೋಟೋ ಸ್ಟುಡಿಯೋ ಇಟ್ಟಿರುವ ಬಸಣ್ಣನಿದ್ದಾನೆ. ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯಲ್ಲಿ ಕಾಲುವೆ, ಗದ್ದೆಗಳಿವೆ ಮತ್ತು ಹೈಸ್ಕೂಲ್ ಟೀಚರ್ ಸುಜಾತಾ ಇದ್ದಾರೆ. ನಮ್ಮ ಮೂವರಲ್ಲಿ ಇಂಗ್ಲಿಷ್ ಬರುವುದು ಸುಜಾತಾಗೆ ಮಾತ್ರ. ಬಸಣ್ಣನಿಗೆ ‘ಸ್ಮೈಲ್ ಪ್ಲೀಸ್’ ಬರುತ್ತದೆ. ನನಗೆ ‘ಟೇಕ್ ರೆಸ್ಟ್’ ಬರುತ್ತದೆ.

ನಮ್ಮ ಬಳಗದಲ್ಲಿ ಒಂದು ಕಟ್ಟಳೆಯಿತ್ತು, ಈಗಲೂ ಇದೆ. ಯಾರ ಮನೆ ಅತಿಥಿಗೆ ಬಾಗಿಲು ತೆರೆಯುತ್ತದೋ ಆ ಮನೆಯ ಮಗುವಿಗೆ ಹೊರದೇಶಕ್ಕೆ ಹೋಗುವ ಮೊದಲ ಸರದಿ. ಅತಿಥಿ ಬಂದು ಉಳಿಯದಿದ್ದರೆ ಸರದಿ ಇನ್ನೊಬ್ಬರಿಗೆ. ನಮಗೆ ಬಂದ ಮೊಟ್ಟಮೊದಲ ಅತಿಥಿ ಡೆನ್ಮಾರ್ಕಿನ ಫ್ರೇಯಾ ಎಂಬ ಹುಡುಗಿ. ಅವಳು ಬಳ್ಳಾರಿಯಲ್ಲಿ, ಕುರುಗೋಡಿನಲ್ಲಿ ಸ್ವಲ್ಪ ಸ್ವಲ್ಪ ದಿನವಿದ್ದು, ಆಮೇಲೆ ಬಹುಪಾಲು ದಿನ ಹಚ್ಚೊಳ್ಳಿಯಲ್ಲಿ ಸುಜಾತಾ ಮನೆಯಲ್ಲಿರುವುದೆಂದು ತೀರ್ಮಾನವಾಗಿತ್ತು. ಅಂದರೆ ಸುಜಾತಾ ಮಗಳು, ಡಿಗ್ರಿ ಓದುತ್ತಿದ್ದ ಮೈತ್ರಿ, ಡೆನ್ಮಾರ್ಕಿಗೆ ಹೋಗುವವಳು. ಆ ಹುಡುಗಿಯ ಉತ್ಸಾಹ ಎಷ್ಟಿತ್ತೆಂದರೆ ಒಂದು ದಿನ ನಮ್ಮ ಅಂಗಡಿಗೆ ಬಂದು, ‘ತಾತಾ, ಬಳ್ಳಾರ್ಯಾಗ ದಪ್ಪನ್ನ ಸ್ವೆಟರ್ ಎಲ್ಲಿ ಸಿಗ್ತೈತಿ?’ ಅಂತ ಕೇಳಿದಳು. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಇಬ್ಬರೂ ಬ್ರೂಸ್‌ಪೇಟೆಯ ಗಲ್ಲಿಗಲ್ಲಿ ಸುತ್ತಿದೆವು. ಅಂಗಡಿಯವರೆಲ್ಲ ನನ್ನ ಮೈಗೆ ಹುಷಾರಿಲ್ಲವೇನೋ ಎಂಬಂತೆ ನೋಡಿದರು.

ಫ್ರೇಯಾ ಬರುವ ಮೊದಲು ಮನೆ ನೋಡಿ ಬರುವ ಪದ್ಧತಿ. ನಾನೂ ಬಸಣ್ಣನೂ ಅವನ ಮೋಟರ್‌ಸೈಕಲ್ ಮೇಲೆ ಹಚ್ಚೊಳ್ಳಿಗೆ ಹೋದೆವು. ಅಚ್ಚುಕಟ್ಟಾದ ಮನೆ. ಅತಿಥಿಗೆಂದೇ ಹೊಸದಾಗಿ ಟೈಲ್ಸ್ ಹಾಕಿದ ಬಾತ್‌ರೂಮು, ಇನ್ನೂ ಸಿಮೆಂಟಿನ ವಾಸನೆ ಹೋಗಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ. ಸುಜಾತಾ ಅವರ ತಾಯಿ, ಹಣ್ಣು ಹಣ್ಣು ಮುದುಕಿ, ಹೊಸ ಕಪ್ಪುಗಳಲ್ಲಿ ಟೀ ತಂದು ಮುಂದೆ ಹಿಡಿದರು. ನನ್ನ ಬಾಯಿಂದ ಸಲೀಸಾಗಿ ಮಾತು ಹೊರಟಿತು: ‘ಬ್ಯಾಡ ತಾಯಿ, ಈಗಷ್ಟ ಕುಡದು ಬಂದ್ವಿ.’ ಬಸಣ್ಣ ತನ್ನದನ್ನು ಕುಡಿದ, ನನ್ನ ಮುಖ ನೋಡಿದ, ನನ್ನದನ್ನೂ ಕುಡಿದ. ವಾಪಸು ಬರುವಾಗ ಕಾಲುವೆ ದಾಟಿದ ಮೇಲೆ ಕೇಳಿದ.

‘ಅಣ್ಣಾರ, ನಾವು ಟೀ ಎಲ್ಲಿ ಕುಡಿದ್ವಿ?’

‘ಗಾಡಿ ನೋಡಿ ಹೊಡಿ.’

‘ನೋಡೇ ಹೊಡ್ಯಾಕತ್ತೀನಿ. ಎಲ್ಲಿ ಕುಡಿದ್ವಿ ಅಂತ ಕೇಳಿದೆ.’

ನಾನು ಮಾತು ತಪ್ಪಿಸಲು ರಸ್ತೆಯ ತಗ್ಗಿನ ಕಡೆ ಕೈ ತೋರಿಸಿದೆ. ನಮ್ಮ ಕಡೆ ‘ಈಗಷ್ಟ ಕುಡದು ಬಂದ್ವಿ’ ಎಂಬ ಮಾತಿನ ಅರ್ಥ ಗೊತ್ತಿಲ್ಲದವರು ಯಾರೂ ಇಲ್ಲ. ನನಗೆ ಜಾತಿಗೀತಿ ಅಂಥದೆಲ್ಲ ಇಲ್ಲ ಎಂದು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ, ನಂಬಿಯೂ ಇದ್ದೆ. ನನ್ನ ನಾಲಿಗೆಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಮನೆಗೆ ಬಂದು ಯೋಚನೆ ಮಾಡುತ್ತ ಕೂತಾಗ ಹಚ್ಚೊಳ್ಳಿ ದೂರವಾಯಿತು, ಬಸ್ಸು ಕಡಿಮೆಯಾದವು, ಕಾಲುವೆಯ ಸೊಳ್ಳೆಗಳು ಕಾಗೆಯಷ್ಟು ದೊಡ್ಡವಾದವು. ಇದ್ದ ಒಂದು ಕಾರಣವನ್ನು ಮುಚ್ಚಲು ಎಷ್ಟು ಕಾರಣ ಬೇಕೋ ಅಷ್ಟನ್ನು ಹೊದಿಸಿದೆ. ತಾಡಪಾಲಿನ ವ್ಯಾಪಾರಿಗೆ ಮುಚ್ಚುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಅಷ್ಟರಲ್ಲಿ ಫ್ರೇಯಾ ಬಂದಳು. ಅವಳು ಬಂದ ದಿನದ ಸಂಭ್ರಮ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸ್ಟೇಷನ್ನಿನಲ್ಲಿ ಹಾರ, ಮನೆ ಬಾಗಿಲಲ್ಲಿ ಆರತಿ, ಅಂಗಡಿ ಸಾಲಿನ ಗೆಳೆಯರಿಂದ ಒಂದು ಸನ್ಮಾನ, ಕಾಲೇಜಿನವರಿಂದ ಇನ್ನೊಂದು. ಸನ್ಮಾನ ಅಂದಮೇಲೆ ಶಾಲು. ಹೊದಿಸಿದ ಶಾಲು ತೆಗೆದರೆ ತಪ್ಪಾದೀತೆಂದು ಆ ಹುಡುಗಿ ಒಂದರ ಮೇಲೊಂದು ಹೊದ್ದುಕೊಂಡು, ಕೆಂಪಗಾಗಿ, ನಗುತ್ತ ಕೂತಿದ್ದಳು. ನನ್ನ ಹೆಂಡತಿ ನೀಲಮ್ಮ ಹತ್ತಿರದ ಮೋಕ ಹಳ್ಳಿಯವಳು, ಸಭೆ ಸಮಾರಂಭ ಅಂತ ಬಾಯಿ ಮುಚ್ಚಿಕೊಳ್ಳುವವಳಲ್ಲ. ‘ಏನ್ರಿ, ಆ ಕೂಸಿಗೆ ಬೆವರು ಇಳ್ಯಾಕತ್ತೈತಿ, ನೀವು ಇನ್ನೊಂದು ಹೊದಸಾಕತ್ತೀರಿ. ಸನ್ಮಾನ ಮಾಡಾಕತ್ತೀರೋ, ಜ್ವರ ಬಿಡಸಾಕತ್ತೀರೋ?’ ಎಂದಳು. ಬಸಣ್ಣನಿಗೆ ನಮ್ಮ ಸ್ವಾಗತ ಸಪ್ಪೆಯಾಗಿ ಕಂಡಿತ್ತು. ‘ಬಳ್ಳಾರ್ಯಾಗ ಬರೀ ಶಾಲಿನ್ಯಾಗ ಮುಗಿಸೀರಲ್ಲ ಅಣ್ಣಾರ. ನಮ್ಮೂರಾಗ ಬ್ಯಾಂಡ್ ಬಾರಿಸಿ ಒಳಗ ಕರ್ಕೋತೀವಿ ನೋಡ್ರಿ’ ಅಂದ. ಅಂದಂತೆ ಮಾಡಿದ ಕೂಡ.

ಮನೆಮಗಳಂತೆ ಕೆಲಸ ಮಾಡಬೇಕೆಂದು ಬಂದ ಹುಡುಗಿಗೆ ನಾನು ಒಂದು ಲೋಟ ಎತ್ತಲೂ ಬಿಡಲಿಲ್ಲ. ಕಸಬರಿಗೆ ಹಿಡಿದರೆ ‘ಟೇಕ್ ರೆಸ್ಟ್’, ಪಾತ್ರೆ ತೊಳೆಯಲು ಕೂತರೆ ‘ಟೇಕ್ ರೆಸ್ಟ್’. ಅತಿಥಿ ಕೆಲಸ ಮಾಡಿದರೆ ಬೀಗರೆದುರು ಮಾನ ಹೋದಂತೆ ಎಂಬ ತಿಳಿವಳಿಕೆ ನಮ್ಮದು. ನಾನು ಅಂಗಡಿಗೆ ಹೋದದ್ದೇ ನೀಲಮ್ಮ ಅವಳನ್ನು ಅಡುಗೆಮನೆಗೆ ಕರೆದು ರೊಟ್ಟಿ ಬಡಿಯಲು ಕೂರಿಸುತ್ತಿದ್ದಳಂತೆ. ಒಬ್ಬಳದು ಡೇನಿಷ್, ಒಬ್ಬಳದು ಮೋಕದ ಕನ್ನಡ. ಅವರಿಬ್ಬರ ನಡುವೆ ತಿಳಿಯದೆ ಉಳಿದ ಮಾತು ಒಂದೂ ಇರಲಿಲ್ಲ.

ಕುರುಗೋಡಿನಿಂದ ಬಸಣ್ಣ ಅವಳನ್ನು ಮರಳಿ ಬಳ್ಳಾರಿಗೆ ಬಿಟ್ಟುಹೋದ. ಇನ್ನು ಹಚ್ಚೊಳ್ಳಿಗೆ ಕಳಿಸಬೇಕು. ನಾನು ಫೋನೆತ್ತಿ ಸುಜಾತಾಗೆ ಹೇಳಿದೆ: ‘ಹುಡುಗಿಗಿ ಮೈಯಾಗ ಚೊಲೋ ಇಲ್ಲ ಟೀಚರ್. ಹೊಟ್ಟಿ ಕೆಟ್ಟೈತಿ, ಜ್ವರಾನೂ ಐತಿ. ಡಾಕ್ಟ್ರು ಪ್ರಯಾಣ ಬ್ಯಾಡ ಅಂದಾರ.’ ಫೋನಿಟ್ಟು ಮಹಡಿ ಹತ್ತಿ, ಕೈಸನ್ನೆ ಬಾಯಿಸನ್ನೆ ಮಾಡಿ ಫ್ರೇಯಾಗೆ ತಿಳಿಸಿದೆ: ಹಚ್ಚೊಳ್ಳಿಯ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಆ ಮನೆಗೆ ಹೋಗುವಂತಿಲ್ಲ. ಅಜ್ಜಿಯ ಕಾಯಿಲೆಯನ್ನು ನಾನು ಕಣ್ಣು ಮುಚ್ಚಿ, ನಾಲಿಗೆ ಹೊರಹಾಕಿ ನಟಿಸಿದ ಬಗೆಗೆ ಅವಳ ಕಣ್ಣಲ್ಲಿ ನೀರು ಬಂತು. ಆರೋಗ್ಯವಾಗಿದ್ದ ಇಬ್ಬರನ್ನು ಒಂದೇ ಬೆಳಗ್ಗೆ ಮಲಗಿಸಿ ನಾನು ಅಂಗಡಿಗೆ ಹೋದೆ. ಮೈತ್ರಿಯ ಸರದಿ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಬರುವ ವರ್ಷ ನೋಡಿದರಾಯಿತು ಅಂದುಕೊಂಡೆ.

ಮರುದಿನ ಮಧ್ಯಾಹ್ನ ಉರಿಬಿಸಿಲಿನಲ್ಲಿ ಸುಜಾತಾ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ. ‘ನಮ್ಮವ್ವ ಗಂಜಿ ಮಾಡಿ ಕಳಿಸ್ಯಾಳ್ರಿ. ಹೊಟ್ಟಿ ಕೆಟ್ಟಾಗ ಇದ ಚೊಲೋ. ಎಲ್ಲಿ ಮಲಗ್ಯಾಳ ಹುಡುಗಿ?’ ಅಂದರು. ಹುಡುಗಿ ಮಲಗಿರಲಿಲ್ಲ. ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದು ಕೈಯಲ್ಲಿ ವಗ್ಗಾಣಿ, ಇನ್ನೊಂದು ಕೈಯಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು. ಸುಜಾತಾ ಯಾರೆಂದು ತಿಳಿದದ್ದೇ ಬಜ್ಜಿ ಬಿಟ್ಟು ಎದ್ದು ಓಡಿಬಂದು ಅವರ ಕೈ ಹಿಡಿದುಕೊಂಡು ಏನೋ ಕೇಳಿದಳು. ಸುಜಾತಾ ಅವಳ ಹಣೆ ಮುಟ್ಟಿ ನೋಡಿ ಏನೋ ಕೇಳಿದರು. ಇಬ್ಬರೂ ತಲೆಯಾಡಿಸಿದರು. ನಾನು ಇಬ್ಬರ ನಡುವೆ ನಿಂತು, ನನಗೆ ಬರುತ್ತಿದ್ದ ಒಂದೇ ಇಂಗ್ಲಿಷ್ ಮಾತನ್ನು ಅವರ ಕಡೆಗೊಮ್ಮೆ ಇವರ ಕಡೆಗೊಮ್ಮೆ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಮಾತು ಮುಗಿಯಿತು. ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ಒಳಗಿನಿಂದ ಬಂದ ನೀಲಮ್ಮ ಕೇಳಿದಳು, ‘ಏನ್ರಿ, ಜ್ವರ ಯಾರಿಗೆ?’

ಸುಜಾತಾ ಪಾತ್ರೆಯನ್ನು ನನ್ನ ಮುಂದೆ ಇಟ್ಟರು. ದನಿ ಏರಿಸಲಿಲ್ಲ. ‘ಸಾವ್ಕಾರ್ರ, ಇದನ್ನ ನೀವ ಕುಡೀರಿ. ಮೈಯಾಗ ಚೊಲೋ ಇಲ್ಲದೋರು ಈ ಮನ್ಯಾಗ ಯಾರು ಅದಾರಂತ ನನಗ ತಿಳೀತು.’ ನೀಲಮ್ಮ ಒಂದು ಬಟ್ಟಲು ತಂದು ಗಂಜಿ ಸುರಿದು ನನ್ನ ಕೈಗಿಟ್ಟಳು. ಕುಡಿದೆ. ಆ ಮನೆಯ ಒಲೆಯ ಮೇಲೆ ಬೆಂದದ್ದು ನನ್ನ ಹೊಟ್ಟೆಗಿಳಿಯಿತು. ಸೂರ್ಯ ಇದ್ದಲ್ಲೇ ಇದ್ದ, ಬ್ರೂಸ್‌ಪೇಟೆ ಇದ್ದಲ್ಲೇ ಇತ್ತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಗಂಜಿ ಬಹಳ ರುಚಿಯಾಗಿತ್ತು. ಇನ್ನೊಂದು ಬಟ್ಟಲು ಕೇಳಬೇಕೆನಿಸಿತು, ಕೇಳುವ ಮುಖವಿರಲಿಲ್ಲ.

ಫ್ರೇಯಾ ಅರ್ಧ ಗಳಿಗೆಯಲ್ಲಿ ಚೀಲ ಕಟ್ಟಿದಳು. ಶಾಲುಗಳನ್ನೆಲ್ಲ ಬಿಟ್ಟು, ನೀಲಮ್ಮ ಕೊಟ್ಟ ರೊಟ್ಟಿ ಕಟ್ಟಿಕೊಂಡು ಸುಜಾತಾ ಜತೆ ಹೊರಟಳು. ನಾನು ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತೆ. ಬಸ್ಸು ಹೊರಡುವ ಮುಂಚೆ ಕಿಟಕಿಯ ಕೆಳಗೆ ನಿಂತು, ‘ತಪ್ಪಾತು ಟೀಚರ್’ ಎಂದೆ. ಅವರು ಎದುರಿನ ಸೀಟು ನೋಡುತ್ತಲೇ ಹೇಳಿದರು: ‘ನನಗ ಹೇಳಿದ್ರಿ, ಆತು. ನಮ್ಮವ್ವಗ ಮಾತ್ರ ಏನೂ ಹೇಳಾಕ ಹೋಗಬ್ಯಾಡ್ರಿ. ಹುಡುಗಿ ಆರಾಮ ಆದ್ಲು, ಸಾವ್ಕಾರ್ರ ಕಳಿಸಿಕೊಟ್ರು ಅಂತ ಹೇಳ್ತೀನಿ. ಆಕಿ ಇಂಥವು ಭಾಳ ನೋಡ್ಯಾಳ. ಇನ್ನೊಂದ್ಯಾಕ?’

ಫ್ರೇಯಾ ಹಚ್ಚೊಳ್ಳಿಯಲ್ಲಿ ಕೊನೆಯವರೆಗೂ ಇದ್ದಳು. ಗದ್ದೆಗಿಳಿದು ಸಸಿ ನೆಟ್ಟಳು, ಟ್ರಾಕ್ಟರ್ ಹತ್ತಿದಳು, ಅಜ್ಜಿಯ ತಲೆ ಬಾಚಿದಳು. ಆ ಫೋಟೋಗಳನ್ನು ಬಸಣ್ಣ ಗುಂಪಿನಲ್ಲಿ ಹಾಕಿದಾಗ ಯಾರ ಮೈಮೇಲೂ ಶಾಲಿರಲಿಲ್ಲ, ಎಲ್ಲರ ಮುಖದಲ್ಲೂ ನಗುವಿತ್ತು. ಮೈತ್ರಿಯ ಸರದಿ ಉಳಿಯಿತು. ಹೊರಡುವ ಮುನ್ನ ಅವಳಿಗೂ ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ, ‘ಗೊತ್ತೈತಿ ತಾತಾ. ಆ ಗಂಜಿ ಹಿಡ್ಕೊಂಡು ನಮ್ಮವ್ವ ಬಸ್ಸಿನ್ಯಾಗ ಸಿರುಗುಪ್ಪಾದಿಂದ ನಿಂತ ಬಂದಾಳ. ಮುಂದಿನ ಸಲ ಸುಳ್ಳು ಹೇಳಿದ್ರ ಹಗುರಾದ ಕಾಯಿಲಿ ನೋಡಿ ಹೇಳ್ರಿ’ ಅಂದಳು. ಡೆನ್ಮಾರ್ಕಿನಿಂದ ಅವಳು ಕಳಿಸಿದ ಮೊದಲ ಚಿತ್ರವನ್ನು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ಅವಳ ಕೈಯಲ್ಲೇ ಫ್ರೇಯಾಗೂ ತಪ್ಪಾಯಿತೆಂದು ಹೇಳಿಸಿದೆ. ಈಗ ನಮ್ಮ ಮೂರೂರಿನ ಕೆಲಸದ ಲಗಾಮು ಮೈತ್ರಿಯ ಕೈಯಲ್ಲಿದೆ. ಮನೆ ನೋಡಲು ಹೋಗುವ ಪದ್ಧತಿಯನ್ನು ಅವಳು ತಿರುಗಿಸಿದ್ದಾಳೆ. ಹಳ್ಳಿಯವರು ಬಂದು ನಮ್ಮ ಮನೆ ನೋಡಿ, ಅತಿಥಿಯನ್ನು ಇಲ್ಲಿ ಬಿಡಬಹುದೋ ಇಲ್ಲವೋ ಎಂದು ಹೇಳುತ್ತಾರೆ. ಈ ಸಲ ನಾವು ಪಾಸಾಗಿದ್ದೇವೆ. ನೀಲಮ್ಮನ ದೆಸೆಯಿಂದ.

ನಿನ್ನೆ ಹಚ್ಚೊಳ್ಳಿಯ ಅಜ್ಜಿ ಫೋನು ಮಾಡಿದ್ದರು. ‘ಸಾವ್ಕಾರ್ರ, ಈ ಸಲ ಎಷ್ಟು ಮಂದಿ ಕಳಸ್ತೀರಿ? ನೆಲ ಸಾರಸಾಕ ಹಚ್ಚೀನಿ. ನಮ್ಮಂಥೋರ ಮನಿಗಿ ಹೊರದೇಶದೋರು ಬಂದು ಉಂಡು ಮಲಗ್ತಾರಂದ್ರ ಅದು ನಿಮ್ಮ ದೊಡ್ಡ ಮನಸಿನಿಂದ ನೋಡ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ’ ಎಂದರು. ಊರಲ್ಲಿ ಯಾರು ಸಿಕ್ಕರೂ ಅಜ್ಜಿ ಹೀಗೇ ಹೇಳುತ್ತಾರಂತೆ. ‘ಅದರಾಗೇನೈತಿ ಬಿಡವ್ವಾ’ ಎಂದೆ. ಈ ಉತ್ತರವನ್ನು ನಾನು ವರ್ಷವರ್ಷವೂ ಕೊಡುತ್ತ ಬಂದಿದ್ದೇನೆ, ವರ್ಷವರ್ಷವೂ ಅದು ಇನ್ನಷ್ಟು ವಿನಯದಿಂದ ಹೊರಡುತ್ತದೆ. ತಿಳಿದವರ ಹತ್ತಿರ ಕ್ಷಮೆ ಕೇಳಿ ಮುಗಿಸಿದ್ದೇನೆ, ಅದು ಕಷ್ಟವಾಗಲಿಲ್ಲ. ತಿಳಿಯದವರ ಹತ್ತಿರ ಕೇಳಬೇಕಾದರೆ ಮೊದಲು ಅವರನ್ನು ನೋಯಿಸಬೇಕಲ್ಲ, ಸುಜಾತಾ ಬೇರೆ ಬೇಡ ಅಂದಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದೂ ನಿಜವೇ ಇರಬಹುದು. ಆದರೆ ಹೊಗಳಿಕೆ ಮುಗಿಯುವವರೆಗೆ ಫೋನು ಕಿವಿಯಿಂದ ತೆಗೆಯಲು ಮನಸ್ಸಾಗುವುದಿಲ್ಲ, ಅದಂತೂ ನಿಜ. ಆ ದಿನ ಅವರ ಮನೆಯಲ್ಲಿ ಕೂತಾಗ ಅಜ್ಜಿಯ ಹೆಸರು ಕೂಡ ಕೇಳಿರಲಿಲ್ಲ. ಆಮೇಲೆ ಮೈತ್ರಿಯಿಂದ ತಿಳಿದುಕೊಂಡೆ. ಭೀಮವ್ವ.