ಕೈಪಿಡಿಗೊಂದು ಫಾರ್ಮ್ಯಾಟು

ಕೆಲಸ ಮಾಡುವುದಕ್ಕಿಂತ ಕೆಲಸಕ್ಕೆ ಸಿದ್ಧತೆ ಮಾಡಿಕೊಳ್ಳುವುದರಲ್ಲೇ ನನಗೆ ಹೆಚ್ಚು ಸುಖ. ನನ್ನ ಹೆಂಡತಿ ಇದಕ್ಕೆ ಸೋಮಾರಿತನ ಎನ್ನುತ್ತಾಳೆ, ನಾನು ಯೋಜನೆ ಎನ್ನುತ್ತೇನೆ. ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಎರಡು ದಿನ ಗೋಡೆ ನೋಡುತ್ತ ಕೂರುವವನು ನಾನು. ಇಂಥವನ ಕೈಗೆ ಕೈಪಿಡಿ ಬರೆಯುವ ಕೆಲಸ ಕೊಟ್ಟದ್ದು ಮೂಡಿಗೆರೆಯ ಗೆಳೆಯರ ತಪ್ಪೇ ಹೊರತು ನನ್ನದಲ್ಲ.

ನಮ್ಮ ಕಡೆಯ ಕಾಫಿ ಬೆಳೆಗಾರರು ಮಳೆ ನಿಂತ ಕೂಡಲೇ ಫೋನೆತ್ತಿ ಕೇಳುವುದು ಕುಶಲವನ್ನಲ್ಲ, "ನಿಮ್ಮಲ್ಲಿ ಎಷ್ಟು ಸೆಂಟ್ಸ್?" ಎಂದು. ಇಂಚಿನ ನೂರರಲ್ಲೊಂದು ಪಾಲಿಗೂ ಇಲ್ಲಿ ವಾದ ನಡೆಯುತ್ತದೆ. ಈ ಮಳೆಯನ್ನೆಲ್ಲ ಒಂದೆಡೆ ಬರೆದಿಡಲೆಂದು ಆ ಗೆಳೆಯರಲ್ಲೊಬ್ಬನಾದ ಕಂಪ್ಯೂಟರ್ ಅಂಗಡಿಯ ಸುರೇಶ ಕನ್ನಡದಲ್ಲೇ ಒಂದು ತಂತ್ರಾಂಶ ಮಾಡಿದ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಎಲ್ಲ ಪುಕ್ಕಟೆ. ಹೈಸ್ಕೂಲ್ ಟೀಚರಾಗಿ ನಿವೃತ್ತರಾದ ಜಾವಳಿಯ ಕಮಲಕ್ಕ ತಮ್ಮೂರಿನ ಮಳೆ ಲೆಕ್ಕ ತಾವೇ ಅದರಲ್ಲಿ ತುಂಬುವುದಾಗಿ ಮುಂದೆ ಬಂದರು. "ಈ ವಯಸ್ಸಲ್ಲಿ ಕಂಪ್ಯೂಟರಾ?" ಎಂದು ಊರವರು ನಕ್ಕಿದ್ದರಂತೆ. "ನಗೋರ ಬಾಯಿ ಮುಚ್ಚಿಸ್ಬೇಕು ಮಾರಾಯ್ರೆ. ಕಾಫಿ ಹೂಮಳೆ ಬರೋದ್ರೊಳಗೆ ಅದನ್ನ ಬಳಸೋದು ಹೇಗಂತ ಕೈಪಿಡಿ ಬರ್ದು ಕೊಡಿ," ಎಂದರು. ಆಗ ಜನವರಿ; ಕಾಫಿ ಗಿಡ ಹೂಬಿಡಿಸುವ ಆ ಮಳೆ ಬರುವುದು ಮಾರ್ಚ್ ಹೊತ್ತಿಗೆ. ನಾನು ಎದೆ ತಟ್ಟಿ ಒಪ್ಪಿದೆ.

ಬರೆಯುವುದೇನು ಮಹಾ! ಆದರೆ ಯಾವುದರಲ್ಲಿ ಬರೆಯುವುದು? ಮಾಮೂಲಿಯಾಗಿ ಟೈಪು ಮಾಡಿದರೆ, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗುತ್ತಿದ್ದ ಕಾಲ ಅದು. 'ಸ್ವಾಗತ' ಎಂಬ ಒಂದೇ ಪದ ಕಳಿಸಿ ನೋಡಿದೆ. ಕಮಲಕ್ಕ ಫೋನ್ ಮಾಡಿ, "ಇದೆಂತ, ಯಾರಿಗೆ ಬೈದಿದ್ದು?" ಎಂದರು. ಪಿಡಿಎಫ್ ಮಾಡಿದರೆ ಅಕ್ಷರ ಉಳಿಯುತ್ತದೆ, ಆದರೆ ಬೇರೆಯವರಿಗೆ ತಿದ್ದಲಾಗದು. ಎಲ್ಲರ ತಂತ್ರಾಂಶಕ್ಕೆ ಒಬ್ಬನದೇ ಕೈಪಿಡಿಯೇ, ಛೆ! ಎಚ್‌ಟಿಎಂಎಲ್ ಎಂಬ ವೆಬ್ ಪುಟದ ರೂಪ ಆದೀತು, ಆದರೆ ಅದನ್ನು ಮಾಡಲು ಯಾವ ಟೂಲು? ಆರು ಟೂಲು ಇಳಿಸಿಕೊಂಡೆ. ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದುದರಿಂದ ಒಂದೊಂದು ಇಳಿಯುವಾಗಲೂ ಮನೆಯ ಫೋನು ಅರ್ಧ ದಿನ ಬಂದ್. ತವರಿನ ಫೋನು ತಪ್ಪಿಸಿಕೊಂಡ ಹೆಂಡತಿ, "ಅಷ್ಟೊತ್ತಲ್ಲಿ ಕೈಯಲ್ಲೇ ಬರ್ದಿದ್ರೆ ಮುಗ್ದು ಹೋಗ್ತಿತ್ತು," ಎಂದಳು. ತಾಂತ್ರಿಕ ವಿಷಯ ಅವಳಿಗೆಲ್ಲಿ ತಿಳಿಯಬೇಕು! ಸುರೇಶ ಕೇಳಿದಾಗಲೆಲ್ಲ "ಫಾರ್ಮ್ಯಾಟು ಅಂತಿಮ ಹಂತದಲ್ಲಿದೆ" ಎನ್ನುತ್ತಿದ್ದೆ. ಮಾರ್ಚ್ ಹೊತ್ತಿಗೆ ಮುಖಪುಟವೊಂದು ತಯಾರಾಗಿತ್ತು, ನನ್ನ ಹೆಸರು ದಪ್ಪಕ್ಷರದಲ್ಲಿ.

ಹೂಮಳೆ ಯಾರ ಕೈಪಿಡಿಗೂ ಕಾಯುವುದಿಲ್ಲ. ಒಂದು ಸಂಜೆ ಗುಡುಗಿ ಸುರಿದೇಬಿಟ್ಟಿತು. ನಮ್ಮ ತೋಟದಲ್ಲಿ ಒಂದು ಇಂಚು ಹತ್ತು ಸೆಂಟ್ಸ್. ಖುಷಿಯೇನೋ ಆಯಿತು. ಆದರೆ ಪಾಪ, ನನ್ನನ್ನು ನಂಬಿದ ಕಮಲಕ್ಕನನ್ನು ಊರ ಮುಂದೆ ನಗೆಪಾಟಲು ಮಾಡಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಬೆಳಿಗ್ಗೆಯೇ ಕ್ಷಮೆ ಕೇಳಲು ಫೋನ್ ಮಾಡಿದೆ.

"ಅಯ್ಯೋ, ನಮ್ಮೂರಿಂದು ಹದಿನಾಲ್ಕು ತೋಟದ್ದೂ ಹಾಕಿ ಆಯ್ತಲ್ಲ," ಎಂದರು ಕಮಲಕ್ಕ. "ನಿಮ್ಮದು ಬರೋ ಲಕ್ಷಣ ಕಾಣ್ಲಿಲ್ಲ. ಒಂದೊಂದೇ ಒತ್ತಿ ನೋಡಿ ಕಲ್ತೆ. ನಗ್ತಿದ್ದೋರೇ ಈಗ ನಮ್ಮ ಜಗಲೀಲಿ ಕೂತು ಪಟ್ಟಿ ನೋಡ್ತಿದಾರೆ. ಅದಿರ್ಲಿ, ನಿಮ್ಮ ತೋಟದ್ದು ಹಾಕಿದ್ರಾ?"

ನಾನು ಅವಸರದಲ್ಲಿ ಸುರೇಶನ ತಂತ್ರಾಂಶ ತೆರೆದೆ. ನಿಜ ಹೇಳುತ್ತೇನೆ, ಆವರೆಗೆ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಪರದೆಯ ಮೇಲೆ ಏಳೆಂಟು ಗುಂಡಿಗಳಿದ್ದವು.

"ಕಮಲಕ್ಕ, ಇದ್ರಲ್ಲಿ ಮೊದ್ಲು ಎಂತ ಒತ್ತೋದು?" ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

ಆ ಕಡೆಯಿಂದ ಟೀಚರ ದನಿ ಬಂತು: "ಪೆನ್ನು ತಗೊಳ್ಳಿ. ನಾ ಹೇಳಿದ್ದಷ್ಟೇ ಬರೀರಿ, ನಿಮ್ಮದೆಂತದೂ ಸೇರಿಸ್ಬೇಡಿ."

ಹೇಳಿದ್ದಷ್ಟನ್ನೇ ಬರೆದುಕೊಂಡೆ. ಮೂರು ತಿಂಗಳಲ್ಲಿ ಕೈಪಿಡಿಯ ಒಂದು ಸಾಲನ್ನು ನಾನು ಬರೆದದ್ದು ಅದೇ ಮೊದಲು.