ಮೂಗಿನೊಳಗಿನ ಸಿಳ್ಳೆ

ಮೂಗು ಸಣ್ಣದಾದ ಮೇಲೆ ನಾನು ಕಣ್ಣು ಮುಚ್ಚಿದಾಗಲೆಲ್ಲ ಸುತ್ತಲಿನವರಿಗೆ ಏನಾದರೊಂದು ಆಗುತ್ತಲೇ ಇತ್ತು. ಶಿವಮೊಗ್ಗದ ರವೀಂದ್ರನಗರದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್. ನನ್ನ ಮೂಗೇ ಅಗಲವಾಗಿದ್ದರೆ ಗಿರಾಕಿಗಳು ನಂಬುತ್ತಾರೆಯೇ? ಆಪರೇಷನ್ ಮಾಡಿಸಿಕೊಂಡೆ. ಮೂಗು ಚೆಂದವಾಯಿತು, ಉಸಿರು ಮಾತ್ರ ಒಳಹೋಗಲು ಒದ್ದಾಡತೊಡಗಿತು. ನಿದ್ದೆಯಲ್ಲಿ ಸಿಳ್ಳೆ ಬೇರೆ ಬರುತ್ತದೆ ಎಂದು ಗಂಡ ದೂರಿದರು.

ಅಪ್ಪ ಬಂದರು

ಭದ್ರಾವತಿಯ ತವರಿನಲ್ಲಿ ಊಟ ಮಾಡಿ ಮಲಗಿದ್ದೆ. ಎದ್ದು ನೋಡಿದರೆ ಅಮ್ಮ ಅಪ್ಪನ ಫೋಟೋದ ಮುಂದೆ ಸಕ್ಕರೆ ಇಲ್ಲದ ಕಾಫಿ ಇಟ್ಟು ಕೂತಿದ್ದರು. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಬದುಕಿದ್ದಾಗ ಕಾರ್ಖಾನೆಯಿಂದ ಸಣ್ಣಗೆ ಸಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದರು.

“ಅದೇ ಸಿಳ್ಳೆ ಕಣೇ, ಇಷ್ಟೊತ್ತೂ ಕೇಳ್ತಿತ್ತು.”

“ಅಮ್ಮ, ಅದು ನನ್ನ ಮೂಗು!”

“ಸುಮ್ನಿರು. ನೀನು ಎದ್ದೆ, ಅವರು ಕಾಫಿ ಬಿಟ್ಟು ಹೋದ್ರು.”

ಬಸ್ಸಿನಲ್ಲಿ

ವಾಪಸ್ ಬರುವಾಗ ಬಸ್ಸಿನಲ್ಲಿ ಜೋಂಪು ಹತ್ತಿತು. ಯಾರೋ ಎದೆಯ ಮೇಲೆ ಕೂತು ಮೂಗು ಹಿಡಿದಂತೆ ಕನಸು. ಬೆಚ್ಚಿ ಕಣ್ಣು ಬಿಟ್ಟರೆ ನಿಜವಾಗಿಯೂ ಮೂಗಿನ ಕೆಳಗೊಂದು ಬೆರಳು! ಪಕ್ಕದ ಸೀಟಿನ ಅಜ್ಜಿಯದು.

“ಉಸಿರೇ ನಿಂತೋಗಿತ್ತು ಮಾರಾಯ್ತಿ, ಇದೀಯೋ ಇಲ್ವೋ ಅಂತ ನೋಡ್ದೆ.”

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಕಂಡಕ್ಟರ್ ಮಾತ್ರ, “ಇದಾರೆ ತಾನೆ? ಹಾಗಾದ್ರೆ ಆಧಾರ್ ತೋರಿಸ್ಲಿ,” ಅಂದರು.

ಹತ್ತಿ

ಹೆದರಿ ಡಾಕ್ಟರ್ ಹತ್ತಿರ ಓಡಿದೆ. ಮೂಗಿನ ಪಕ್ಕಗಳು ಬಲ ಕಳೆದುಕೊಂಡು ಉಸಿರೆಳೆದಾಗ ಒಳಕ್ಕೆ ಕುಸಿಯುತ್ತಿವೆ, ನಿದ್ದೆ ಕೆಡುವುದು ಅದಕ್ಕೇ ಎಂದರು. ಕಿವಿಯ ಮೃದು ಎಲುಬು ಇಟ್ಟು ಆಸರೆ ಕೊಡಬೇಕು, ಮೂಗು ಮತ್ತೆ ಸ್ವಲ್ಪ ಅಗಲವಾಗುತ್ತದೆ. ಚೆಂದ ಹಾಳಾಗಲಿ, ನನಗೆ ಉಸಿರು ಬೇಕಿತ್ತು. ಬೇಡವೆಂದವರು ಅಮ್ಮ ಒಬ್ಬರೇ: “ಆಮೇಲೆ ನಿಮ್ಮಪ್ಪ ಬರದೇ ಇದ್ರೆ?”

ಆಪರೇಷನ್ ಮುಗಿಸಿ, ಎರಡೂ ಹೊಳ್ಳೆಗೆ ಹತ್ತಿ ಇಟ್ಟುಕೊಂಡು ಮನೆಯ ಹಾಲ್‌ನಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದೆ. ಕೋಟೆ ಏರಿಯಾದಿಂದ ನೋಡಲು ಬಂದ ಅತ್ತಿಗೆ ಅಲ್ಲಿಯವರೆಗೆ ಮೂಗಿನಲ್ಲಿ ಹತ್ತಿ ನೋಡಿದ್ದು ಹೆಣಗಳಿಗೆ ಇಟ್ಟಾಗ ಮಾತ್ರ. ಬಾಗಿಲಲ್ಲೇ ಎದೆ ಬಡಿದುಕೊಂಡು ಅಳತೊಡಗಿದರು. ಸಮಾಧಾನ ಮಾಡೋಣವೆಂದು ಎದ್ದು ಕೂತೆ. ಅವರು ಧೊಪ್ಪನೆ ಬಿದ್ದರು. ಚಾಪೆಯನ್ನು ಅವರಿಗೇ ಬಿಟ್ಟುಕೊಟ್ಟೆ.

ಸಕ್ಕರೆ

ಈಗ ಸದ್ದಿಲ್ಲದ ನಿದ್ದೆ. ಅಮ್ಮ ಮಾತ್ರ ಸಪ್ಪಗಾಗಿದ್ದರು. ಮೊನ್ನೆ ಮಧ್ಯಾಹ್ನ ಭದ್ರಾವತಿಯ ಮನೆಯ ಜಗಲಿಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಒಳಗೆ ಯಾರೂ ಇರಲಿಲ್ಲ. ಅಲ್ಲಿಂದ ಸಣ್ಣಗೆ ಸಿಳ್ಳೆ ಕೇಳಿಸಿತು.

ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ಉಸಿರು ಸಲೀಸಾಗಿ ಆಡುತ್ತಿತ್ತು. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಸಿಳ್ಳೆ ನಿಲ್ಲಲಿಲ್ಲ.

ಅಮ್ಮನ ಮುಖ ಅರಳಿತ್ತು. “ಕೂತೇ ಇದೀಯಲ್ಲೇ, ಹೋಗಿ ಕಾಫಿ ಇಡು. ಸಕ್ಕರೆ ಜಾಸ್ತಿ ಹಾಕು. ಇನ್ನೂ ಅವರಿಗೆ ಶುಗರ್ ಇರುತ್ತಾ?”