ಮರುಳಪ್ಪ ಮಳುರಪ್ಪ ಆದದ್ದು

ಬಾಯಾಗೆ ಅಕ್ಷರ ಜಾಗ ಬದಲು ಮಾಡೋದು ಎಂದೂ ನಿಲ್ಲಂಗಿಲ್ಲ. ನಮ್ಮ ದಾವಣಗೆರೆ ಬಜಾರದಾಗೆ ನುಕ್ಸಾನ ಅನ್ನೋರು ಯಾರದಾರೆ? ಎಲ್ಲರದೂ ನುಸ್ಕಾನವೇ. ಡೆಸ್ಕಿಗೆ ಡೆಕ್ಸು ಅಂದುಕೊಂಡೇ ಮಕ್ಕಳೆಲ್ಲ ಪಾಸಾದವು. ಆದರೆ ಬೇಕಂತಲೇ ತಿರುವಿದಾಕೆ ಒಬ್ಬಳೇ, ಎಸ್.ಎಸ್. ಬಡಾವಣೆಯಾಗಿನ ನಮ್ಮ ಪಕ್ಕದ ಮನೆಯಾಕೆ.

೧. ಹೊಸ್ತಿಲು

ಆಕೆ ಹರಿಹರದಿಂದ ಸೊಸೆಯಾಗಿ ಬಂದ ದಿನ ನಾವು ಹೆಂಗಸರು ಬಾಗಿಲಿಗೆ ಅಡ್ಡ ನಿಂತೆವು. ಗಂಡನ ಹೆಸರು ಹೇಳಿದರೇ ಒಳಗೆ. ಗಂಡ ಮರುಳಪ್ಪ. ಹುಡುಗಿ ಬಾಯೇ ಬಿಡಲೊಲ್ಲಳು. ಹೆಸರು ಹಿಡಿದರೆ ಗಂಡನ ಆಯಸ್ಸು ಇಳೀತದೆ ಅಂತ ಅವರಜ್ಜಿ ಹೆದರಿಸಿ ಕಳಿಸಿದ್ದಳಂತೆ.

"ಹೇಳೇ, ನಮ್ಮ ಕಾಲು ನೋಯ್ತಾವೆ" ಅಂದೆ.

ಕಣ್ಣು ಮುಚ್ಚಿಕೊಂಡು "ಮಳುರಪ್ಪ" ಅಂದಳು.

ಅತ್ತೆ ಮುಂದೆ ಬಂದು, "ಬಿಡ್ರೇ ದಾರಿ. ಶಾಸ್ತ್ರಾನೂ ಆತು, ನನ್ನ ಮಗಾನೂ ಉಳಿದ" ಅಂದಳು.

೨. ಮಾಳಿಗೆ ಮನೆಯಾಕೆ

ಅವತ್ತಿಂದ ಆಕೆಗೆ ಗಂಡ ಮಳುರಪ್ಪನೇ. ಹಾಲಿನವನೂ ಹಂಗೇ ಕಲಿತ. ಹೋದ ವರ್ಷ ಅವರ ಮಾಳಿಗೆಗೆ ಬಾಡಿಗೆಗೆ ಒಬ್ಬಾಕೆ ಬಂದಳು. ವಾರದೊಳಗೆ ನನ್ನ ಕಿವಿಯಾಗೆ ಪಿಸುಗುಟ್ಟಿದಳು: "ಅಮ್ಮಾರೆ, ಬಾಗಿಲ ಮೇಲೆ ಮರುಳಪ್ಪ ಅಂತ ಬೋರ್ಡೈತೆ. ಈಯಮ್ಮ ದಿನಾ ಮಳುರಪ್ಪ ಉಂಡ್ರು, ಮಳುರಪ್ಪ ಮಲಗ್ಯಾರೆ ಅಂತಾಳೆ. ಅವನ್ಯಾರ್ರಿ?"

ನಾನು ನಿಟ್ಟುಸಿರು ಬಿಟ್ಟೆ. "ಏನ್ ಹೇಳ್ಲವ್ವ. ಇಬ್ಬರೂ ಒಂದೇ ಮನಿಯಾಗೆ ಇರ್ತಾರೆ."

ಸುಳ್ಳೇನಲ್ಲವಲ್ಲ! ನಾಕು ದಿನ ಆಕೆ ಕಿಟಕಿ ಬಿಟ್ಟು ಕದಲಲಿಲ್ಲ. ಐದನೇ ದಿನ ಬಂದು, "ಇಬ್ಬರೂ ಒಮ್ಮೆಗೇ ಕಣ್ಣಿಗೆ ಬೀಳಂಗಿಲ್ರಿ, ಭಾಳ ಹುಷಾರದಾರೆ" ಅಂದಳು.

೩. ಆಸ್ಪತ್ರೆ

ಹೋದ ತಿಂಗಳು ಮರುಳಪ್ಪ ಬಚ್ಚಲಾಗೆ ಜಾರಿಬಿದ್ದ. ತಲೆಗೆ ಪೆಟ್ಟು. ಎರಡು ದಿನ ಕಣ್ಣು ಬಿಡಲಿಲ್ಲ. ನಾನೂ ಆಸ್ಪತ್ರೆಯಾಗೇ ಇದ್ದೆ. ಡಾಕ್ಟರು ಕರೆದರು, ಮಗಳು ಕರೆದಳು, ಅಲುಗಾಟವೇ ಇಲ್ಲ.

"ನೀವು ಹೆಸರು ಹಿಡಿದು ಕರೀರಿ" ಅಂದರು ಡಾಕ್ಟರು, ಹೆಂಡತಿಗೆ.

"ಮಳುರಪ್ಪ" ಅಂದಳು. ಬೆರಳು ಅಲುಗಿತು, ಅಷ್ಟೇ.

"ಸರಿಯಾಗಿ ಕರೀರಮ್ಮ."

ಆಕೆ ನನ್ನ ಕೈ ಹಿಡಿದಳು. "ನಾ ಹೆಸರು ಹೇಳಿ, ಇವರು ಹೊಂಟುಬಿಟ್ರೆ?"

"ಕರಿಯೇ ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ" ಅಂತ ಮಗಳು ಅತ್ತಳು.

ಆಕೆ ತಲೆ ಮೇಲೆ ಸೆರಗು ಹೊದ್ದು, ತಾಳಿ ಕಣ್ಣಿಗೊತ್ತಿ, ನಲವತ್ತು ವರ್ಷದಾಗೆ ಮೊದಲ ಸಲ "ಮರುಳಪ್ಪಾ" ಅಂದಳು.

ಮರುಳಪ್ಪ ಒಂದು ಕಣ್ಣು ಬಿಟ್ಟ.

"ಯಾಕ, ನಾನು ಸತ್ತೆನೇನು?"

"ಇಲ್ರೀ" ಅಂದಳು ಗಾಬರಿಯಿಂದ, "ಬಾಯಿ ತಪ್ಪಿತು."